ಬಜೆಟ್ ಬರೆಯುವಾಗ ಊರಿನವರು ಎಲ್ಲಿರುತ್ತಾರೆ?

ನದಿತೀರ:
ಸ್ಥಳೀಯ ಸಂಸ್ಥೆಯಲ್ಲಿದ್ದುಕೊಂಡು ಹನ್ನೊಂದು ವರ್ಷದಿಂದ ವಿದೇಶಿ ನೆರವಿನ ಸಂಸ್ಥೆಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಅವರಲ್ಲಿ ವೈವಿಧ್ಯದ ತರಬೇತಿಗಳಾಗಿವೆ, ಪಾಲಿಸಿಗಳೂ ಇವೆ, ಎಲ್ಲ ದೇಶದ ಸಿಬ್ಬಂದಿಯೂ ಇದ್ದಾರೆ. ಆದರೆ ನೆರವು ಯಾರಿಗೆ, ಎಲ್ಲಿ, ಎಷ್ಟು ಅನ್ನೋದು ನಮ್ಮ ಹತ್ತಿರ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಹೋದ ಸಲ ನಾವು ಕಳಿಸಿದ ಬಜೆಟ್ ಹಾಳೆ ವಾಪಸ್ ಬಂದಾಗ ಎರಡು ಸಾಲಿಗೆ ಕೆಂಪು ಗೀಟು ಬಿದ್ದಿತ್ತು. ಒಂದು ಕಚೇರಿ ಬಾಡಿಗೆ, ಇನ್ನೊಂದು ಲೆಕ್ಕ ಬರೆಯುವವರ ಸಂಬಳ. ಪಕ್ಕದಲ್ಲಿ ‘ಪಾಲುದಾರರೇ ನೋಡಿಕೊಳ್ಳಲಿ’ ಅಂತ ಬರೆದಿದ್ದರು. ಅದೇ ಹಾಳೆಯಲ್ಲಿ ಅವರ ಕೇಂದ್ರ ಕಚೇರಿಯ ಆಡಳಿತ ವೆಚ್ಚಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ನಮ್ಮನ್ನು ಪಾಲುದಾರರು ಅಂತ ಕರೆದರೆ ಸಾಕಾ?

ಹಳೇ ಆಡಿಟರ್:
ನಿಮ್ಮ ಬೇಸರ ಅರ್ಥ ಆಗುತ್ತದೆ ಮೇಡಂ. ಆದರೂ ಇನ್ನೊಂದು ಕಡೆಯಿಂದ ನೋಡಿ. ಅದು ಬೇರೆ ದೇಶದ ಜನ ಕಟ್ಟಿದ ತೆರಿಗೆ ಹಣ. ಲೆಕ್ಕ ತಪ್ಪಿದರೆ ಅಲ್ಲಿನ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ, ಮುಂದಿನ ವರ್ಷದ ನೆರವೇ ನಿಲ್ಲಬಹುದು. ನಾನು ಲೆಕ್ಕ ನೋಡಿದ ಒಂದು ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ಅಕೌಂಟೆಂಟ್ ಇದ್ದರು. ಆರು ದಾನಿಗಳಿಗೆ ಆರು ನಮೂನೆಯ ವರದಿ. ಮಾರ್ಚ್ ಬಂತೆಂದರೆ ಮನೆಗೇ ಹೋಗುತ್ತಿರಲಿಲ್ಲ. ಅಂಥ ಕಡೆ ದೊಡ್ಡ ಮೊತ್ತ ನೇರವಾಗಿ ಕೊಡೋಕೆ ಯಾರಿಗಾದರೂ ಭಯ ಆಗುತ್ತದೆ.

ಸಂಜೆಮಲ್ಲಿಗೆ:
ಸರ್, ಆ ಆರು ನಮೂನೆ ಮಾಡಿದ್ದು ಯಾರು? ದಾನಿಗಳೇ ಅಲ್ವಾ? ಲೆಕ್ಕದವರ ಸಂಬಳಕ್ಕೆ ಗೀಟು ಹಾಕಿ, ಆಮೇಲೆ ಲೆಕ್ಕ ಇಡೋಕೆ ಇವರಿಗೆ ಸಾಮರ್ಥ್ಯ ಇಲ್ಲ ಅಂದರೆ ಹೇಗೆ?

ಇದನ್ನು ಬದಲಿಸುತ್ತೇವೆ ಅಂತ ಅವರೇ ಮಾತು ಕೊಟ್ಟಿದ್ದರು. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿಗಳು ಮತ್ತು ನೆರವು ಸಂಸ್ಥೆಗಳ ನಡುವೆ ‘ಗ್ರ್ಯಾಂಡ್ ಬಾರ್ಗೇನ್’ ಅನ್ನೋ ಒಪ್ಪಂದ ಆಯಿತು. 2020ರೊಳಗೆ ಮಾನವೀಯ ನೆರವಿನಲ್ಲಿ ಶೇ. 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯರಿಗೆ ತಲುಪಿಸುವ ಗುರಿ ಅದರಲ್ಲಿತ್ತು. ಆ ವರ್ಷ ನೇರವಾಗಿ ಸಿಕ್ಕಿದ್ದು ಶೇ. 5ಕ್ಕಿಂತ ಕಡಿಮೆ. ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಕೂಡ 2021ರಲ್ಲಿ ಅದೇ ಶೇ. 25ರ ಗುರಿ ಇಟ್ಟುಕೊಂಡಿತು. 2023ರ ಹಣಕಾಸು ವರ್ಷದಲ್ಲಿ ಮುಟ್ಟಿದ್ದು ಶೇ. 9.6. 2025ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ಹಣ ನಿಂತ ಆ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡ ಊರಿನ ಕಾರ್ಯಕರ್ತೆಯರನ್ನು ಯಾವ ತೀರ್ಮಾನಕ್ಕೂ ಯಾರೂ ಕೇಳಿರಲಿಲ್ಲ.

ದಾರಿಹೋಕ:
ಒಂದು ಮಾತು. ‘ಸ್ಥಳೀಯರು’ ಅಂದ ತಕ್ಷಣ ಎಲ್ಲರೂ ಒಂದೇ ಅಂತ ತಿಳಿಯಬೇಡಿ. 2004ರ ಸುನಾಮಿ ನಂತರ ತಮಿಳುನಾಡಿನ ನಾಗಪಟ್ಟಿಣಂ ಕಡೆಯ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ದೂರ ಇಟ್ಟದ್ದು ವರದಿಯಾಗಿತ್ತು. ಹಾಗೆ ಮಾಡಿದವರು ಹೊರಗಿನವರಲ್ಲ. ತೀರ್ಮಾನ ಊರಿಗೆ ಬಿಟ್ಟರೆ ಅದು ಊರಿನ ಗಟ್ಟಿ ದನಿಯವರ ಕೈಗೆ ಹೋಗುತ್ತದೆ. ಗಾಲಿ ಕುರ್ಚಿಯಲ್ಲಿರುವವರು, ವಿಧವೆಯರು, ಬೇರೆ ಭಾಷೆಯವರು ಆಗಲೂ ಬಾಗಿಲ ಹೊರಗೇ. ಹಾಗಂತ ತೀರ್ಮಾನ ದೂರದ ಕಚೇರಿಯಲ್ಲೇ ಇರಲಿ ಅಂತ ನಾನು ಹೇಳುತ್ತಿಲ್ಲ. ಊರೊಳಗೆ ಯಾರು ಅಂತಲೂ ಕೇಳಿ ಅಂತಿದ್ದೇನೆ.

ನದಿತೀರ:
ದಾರಿಹೋಕರೇ, ನೂರಕ್ಕೆ ನೂರು ಒಪ್ಪುತ್ತೇನೆ. ಜೊತೆಗೆ ಭಾಷೆಯನ್ನೂ ಸೇರಿಸಿ. 2010ರ ಹೈಟಿ ಭೂಕಂಪದ ನಂತರ ನೆರವಿನ ಸಮನ್ವಯ ಸಭೆಗಳು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆಯ ನೆಲೆಯಲ್ಲಿ ನಡೆದವು, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಲ್ಲಿನ ಜನ ಮಾತಾಡೋದು ಕ್ರಿಯೋಲ್. ಎಷ್ಟೋ ಹೈಟಿ ಸಂಘಟನೆಗಳವರಿಗೆ ಗೇಟು ದಾಟೋದೇ ಕಷ್ಟವಾಗಿತ್ತು.

ನಾನೇ ಕೂತಿದ್ದ ಒಂದು ಸಭೆ ಹೇಳುತ್ತೇನೆ. ನೀರಿನ ಯೋಜನೆ. ಒಬ್ಬ ಹೆಂಗಸು ಎದ್ದು ನಿಂತು ನಾಲ್ಕೈದು ನಿಮಿಷ ಮಾತಾಡಿದರು. ನಲ್ಲಿ ಹಾಕುವ ಜಾಗಕ್ಕೆ ಕತ್ತಲಲ್ಲಿ ಹೆಣ್ಣುಮಕ್ಕಳು ಹೋಗಲಾರರು, ಅಲ್ಲಿ ಹಿಂದೆ ಏನೇನಾಗಿದೆ ಅಂತ ಬಿಡಿಸಿ ಹೇಳಿದರು. ಅನುವಾದ ಮಾಡುವವರು ಹೇಳಿದ್ದು ಒಂದೇ ಸಾಲು: ‘ಜಾಗದ ಬಗ್ಗೆ ಸ್ವಲ್ಪ ಆತಂಕ ಇದೆಯಂತೆ.’ ವರದಿಯಲ್ಲಿ ಅದೂ ಇರಲಿಲ್ಲ. ‘ಮಹಿಳೆಯರ ಭಾಗವಹಿಸುವಿಕೆ’ ಕಾಲಂನಲ್ಲಿ ಟಿಕ್ ಮಾತ್ರ ಬಿದ್ದಿತ್ತು. ನಲ್ಲಿ ಅಲ್ಲೇ ಬಂತು.

ಹಳೇ ಆಡಿಟರ್:
ಇದನ್ನು ಓದಿ ಸಂಕಟ ಆಯಿತು. ಕಾಲಂ ತುಂಬಿದೆಯಾ ಅಂತ ನೋಡೋದೇ ನನ್ನ ಕೆಲಸವಾಗಿತ್ತು. ಯಾರು ಏನು ಹೇಳಿದರು ಅಂತ ಒಮ್ಮೆಯೂ ಕೇಳಲಿಲ್ಲ.

ಲೆಕ್ಕ ಬೇಕೇ ಬೇಕು, ಆ ಮಾತು ಬದಲಿಸುವುದಿಲ್ಲ. ಆದರೆ ಬಾಡಿಗೆ, ಸಂಬಳದ ಬಗ್ಗೆ ನೀವು ಹೇಳಿದ್ದು ಸರಿ. ಕೇಂದ್ರ ಕಚೇರಿಗೆ ಎಷ್ಟು ಶೇಕಡಾ ಆಡಳಿತ ವೆಚ್ಚವೋ, ಪಾಲುದಾರರಿಗೂ ಅಷ್ಟೇ ಸಿಗಬೇಕು. ಎಲ್ಲ ದಾನಿಗಳೂ ಒಂದೇ ವರದಿ ನಮೂನೆ ಒಪ್ಪಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಸಂಜೆಮಲ್ಲಿಗೆ:
ಸುಡಾನ್ ನೋಡಿ ಸರ್. 2023ರಲ್ಲಿ ಯುದ್ಧ ಶುರುವಾದಾಗ ನೆರವು ಸಂಸ್ಥೆಗಳ ಹೆಚ್ಚಿನ ವಿದೇಶಿ ಸಿಬ್ಬಂದಿ ದೇಶ ಬಿಟ್ಟು ಹೊರಟರು. ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್’ ಅಂತ ಬೀದಿಬೀದಿಯ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದರು. ಎಷ್ಟೋ ಗುಂಪುಗಳಿಗೆ ನೋಂದಣಿ ಪತ್ರವೂ ಇಲ್ಲ. ದಾನಿಗಳ ಮಾಮೂಲಿ ನಿಯಮ ನೋಡಿದರೆ ಅಂಥವರಿಗೆ ನೇರವಾಗಿ ಹಣ ಕೊಡೋದೇ ಕಷ್ಟ. ಆದರೆ ಊಟ ಹಾಕಿದ್ದು ಅವರೇ.

ನದಿತೀರ:
ಮುಂದಿನ ತಿಂಗಳು ಹೊಸ ಬಜೆಟ್ ಕಳಿಸಬೇಕು. ಆ ಎರಡು ಸಾಲು ಮತ್ತೆ ಬರೆಯುತ್ತಿದ್ದೇನೆ. ಮೂರನೆಯದೂ ಒಂದಿದೆ: ಸಭೆಯಲ್ಲಿ ಆಡಿದ್ದನ್ನೆಲ್ಲ ಪೂರ್ತಿ ಅನುವಾದಿಸುವವರ ಸಂಬಳ. ಆಡಿಟರ್ ಸರ್, ಅದಕ್ಕೆ ಸಮರ್ಥನೆ ಹೇಗೆ ಬರೆದರೆ ಗೀಟು ಬೀಳೋದಿಲ್ಲ ಅಂತ ಹೇಳಿಕೊಡ್ತೀರಾ?

ಹಳೇ ಆಡಿಟರ್:
ಕಳಿಸಿ ಮೇಡಂ. ಭಾನುವಾರ ಕೂತು ಒಟ್ಟಿಗೆ ಬರೆಯೋಣ.