ಸಹಾಯ ಬೇಕು: ವರ್ಷದ ಬಿಡುವಿಗೆ ಸ್ಪೇನಿನ ಗ್ರಾನಡಾನಾ, ಪೋರ್ಚುಗಲ್‌ನ ಕೊಯಿಂಬ್ರಾನಾ?

ಕೆಲಸಕ್ಕೆ ಒಂದು ವರ್ಷ ಬಿಡುವು ಕೊಟ್ಟು ಯುರೋಪಿನ ಹಳೇ ಊರಲ್ಲಿ ಇರೋ ಯೋಚನೆ. ಭಾರತದ ಪಾಸ್‌ಪೋರ್ಟ್. ಷೆಂಗೆನ್ ಟೂರಿಸ್ಟ್ ವೀಸಾದಲ್ಲಿ 180 ದಿನಕ್ಕೆ 90 ದಿನ ಅಷ್ಟೇ, ಅದು ಆಗಲ್ಲ. ಪೋರ್ಚುಗಲ್‌ನ ಡಿ7 ಅನ್ನೋ ವಾಸದ ವೀಸಾಗೆ ಬಾಡಿಗೆ, ಪಿಂಚಣಿ ಥರ ತಿಂಗಳ ಆದಾಯ ತೋರಿಸಬೇಕು; ಇರೋದು ಬರೀ ಎಫ್‌ಡಿ. ಅಲ್ಲಿಗೆ ಕೊಯಿಂಬ್ರಾ ಅರ್ಧ ಕೈಬಿಟ್ಟ ಹಾಗೆ. ಸ್ಪೇನಿನ ನಾನ್-ಲುಕ್ರೇಟಿವ್ ವೀಸಾಗೆ (ದುಡಿಯದೆ ಅಲ್ಲಿ ಇರೋರಿಗೆ ಕೊಡೋದು) ಉಳಿತಾಯ ನಡೆಯುತ್ತೆ: ಐಪ್ರೆಮ್ ಅನ್ನೋ ಸ್ಪೇನ್ ಸರ್ಕಾರದ ಆದಾಯದ ಅಳತೆಗೋಲಿನ 400%, ಅಂದ್ರೆ ವರ್ಷಕ್ಕೆ 28,800 ಯೂರೋ. ರಿಮೋಟ್ ಕೆಲಸಾನೂ ಮಾಡೋ ಹಾಗಿಲ್ಲ, ಅದು ಒಳ್ಳೇದೇ! ಗ್ರಾನಡಾ ಸುಮಾರು 700 ಮೀಟರ್ ಎತ್ತರದಲ್ಲಿರೋದ್ರಿಂದ ಜನವರಿ ಚಳಿ ಜೋರು, ಅಲ್ಲಿನ ಹಳೇ ಬಡಾವಣೆ ಅಲ್ಬೈಸಿನ್‌ನಲ್ಲಿ ಹಳೇ ಮನೆ ಹಿಡಿಯೋ ಮುಂಚೆ ಹೀಟಿಂಗ್ ಕೇಳಬೇಕು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ಎಫ್‌ಡಿ ಮುರಿಯದೆ ಬ್ಯಾಂಕ್ ಪತ್ರ ಕೊಟ್ರೆ ಸ್ಪೇನ್ ಒಪ್ಪುತ್ತಾ, ಇಲ್ಲಾ ಪೂರ್ತಿ ದುಡ್ಡು ಉಳಿತಾಯ ಖಾತೆಯಲ್ಲೇ ಇರಬೇಕಾ? ಈಚೆಗೆ ವೀಸಾ ಸಿಕ್ಕವರು ಹೇಳ್ತೀರಾ?