ಅಪ್‌ಡೇಟ್: ಕೊಳದ ಹೂಳಿಗೆ ಕೊನೆಗೂ ವ್ಯಾಕ್ಯೂಮ್ ತಂದೆ

ಮೂಡಿಗೆರೆ ಹತ್ತಿರದ ನಮ್ಮ ಮನೆಯ ಕೊಳದಲ್ಲಿ ತರಗೆಲೆ, ಹೂಳು ತುಂಬಿದೆ, ಯಾವ ವ್ಯಾಕ್ಯೂಮ್ (ಹೂಳನ್ನು ನೀರಿನ ಜೊತೆ ಎಳೆದು ಹೊರಹಾಕುವ ಮೆಷಿನ್) ತರಲಿ ಅಂತ ಕೇಳಿದ್ದೆ. 10 ಅಡಿ ಉದ್ದ, 3 ಅಡಿ ಆಳ, ಒಳಗೆ ಗೋಲ್ಡ್‌ಫಿಶ್. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಸ್ನೇಹಿತರ ಒಂದೇ ಟ್ಯಾಂಕಿನ ಮೆಷಿನ್ ತಂದು ನೋಡಿದೆ. ಟ್ಯಾಂಕ್ ತುಂಬಿದಾಗಲೆಲ್ಲ ಎಳೆಯುವುದು ನಿಲ್ಲುತ್ತದೆ, ನೀರು ಖಾಲಿಯಾಗುವವರೆಗೆ ಪೈಪ್ ಹಿಡಿದು ಸುಮ್ನೆ ಕಾಯಬೇಕು. ಹಾಗಾಗಿ ಎರಡು ಟ್ಯಾಂಕಿನದ್ದನ್ನೇ ಕೊಂಡೆ. ಒಂದು ತುಂಬುವಾಗ ಇನ್ನೊಂದು ಖಾಲಿಯಾಗುತ್ತದೆ, ಕೆಲಸ ನಿಲ್ಲುವುದಿಲ್ಲ. ಬೆಲೆ ಜಾಸ್ತಿ, ಆದರೆ ನನಗೆ ಬೇಸರವಿಲ್ಲ.

ಒಂದು ಮಾತು ಮಾತ್ರ ಯಾರೂ ಮರೆಯಬೇಡಿ. ಎಲೆಯನ್ನು ಮೊದಲು ಬಲೆಯಲ್ಲಿ ತೆಗೆಯಿರಿ. ಸಿಲ್ವರ್ ಓಕ್ ಎಲೆ ಉದುರುವುದು ನಿಮಗೂ ಗೊತ್ತಲ್ವಾ? ನಾನು ನೇರವಾಗಿ ಎಳೆಸಿದೆ, ಪೈಪ್ ಮೂರು ಸಲ ಕಟ್ಟಿಕೊಂಡಿತು. ಕಡ್ಡಿ ಹಾಕಿ ಬಿಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು.

ಮೀನಿನ ವಿಷಯಕ್ಕೆ ತುಂಬಾ ಹೆದರಿದ್ದೆ. ತಳದ ಕಪ್ಪು ಹೂಳು ಕದಡಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೊದಲ ದಿನ ಅವು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ನೋಡಿ ಹೊಟ್ಟೆ ಕಿವುಚಿತು. ತಕ್ಷಣ ನಿಲ್ಲಿಸಿ ಏರ್ ಪಂಪ್ ಹಾಕಿದೆ. ಆಮೇಲೆ ದಿನಕ್ಕೆ ಒಂದೊಂದು ಮೂಲೆ ಅಂತ ನಾಲ್ಕು ದಿನ ಮಾಡಿದೆ. ಕಡಿಮೆಯಾದ ನೀರಿಗೆ ಬಾವಿ ನೀರು ತುಂಬಿದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಮೀನಿಗೆ ಅಪಾಯ.

ಪ್ಲಗ್ ಪಾಯಿಂಟ್‌ಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸದೆ ಮೆಷಿನ್ ಆನ್ ಮಾಡಬೇಡಿ. ಹೂಳನ್ನು ಬಾಳೆ ಬುಡಕ್ಕೆ ಬಿಟ್ಟಿದ್ದೇನೆ. ಈಗ ತಳದ ಕಲ್ಲು ಕಾಣುತ್ತಿದೆ, ಮೀನೆಲ್ಲ ಚೆನ್ನಾಗಿವೆ.