ಎಲ್ಲರೂ ‘ಚಲೋ ಐತಿ’ ಎಂದರೆ ಆ್ಯಪ್ ಪರೀಕ್ಷೆಯ ಫಲಿತಾಂಶವನ್ನು ಹೇಗೆ ಓದಬೇಕು?

ಘಟಪ್ರಭೆ_ದಂಡೆ (ಪ್ರಶ್ನೆ)

ನಾನು ಬೆಳಗಾವಿಯಲ್ಲಿ ಗಣಕ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಬ್ಬು ಬೆಳೆಗಾರರು ತಮ್ಮ ಕಟಾವಿನ ಪಾಳಿ, ತೂಕದ ಚೀಟಿ ಮತ್ತು ಬಿಲ್ಲಿನ ಬಾಕಿಯನ್ನು ಮೊಬೈಲಿನಲ್ಲೇ ನೋಡಿಕೊಳ್ಳಬಹುದಾದ ಒಂದು ಮಾದರಿ ಆ್ಯಪನ್ನು ಪ್ರಬಂಧಕ್ಕಾಗಿ ತಯಾರಿಸಿ, ಮುಧೋಳ ಮತ್ತು ಜಮಖಂಡಿ ತಾಲ್ಲೂಕುಗಳ ರೈತರಿಗೆ ತೋರಿಸುತ್ತಿದ್ದೇನೆ. ಕೇಳಿದವರೆಲ್ಲ ‘ಚಲೋ ಐತಿ ಬಿಡವಾ, ಎಲ್ಲಾ ತಿಳೀತೈತಿ’ ಎನ್ನುತ್ತಾರೆ. ಆದರೆ ತೂಕದ ಚೀಟಿಯ ಪುಟಕ್ಕೆ ಬಂದಾಗ ಹಲವರ ಬೆರಳು ನಿಂತೇ ಬಿಡುತ್ತದೆ. ಕೆಲವು ಮನೆಗಳಲ್ಲಿ ಮಗನೋ ಸೊಸೆಯೋ ಫೋನನ್ನು ಇಸಿದುಕೊಂಡು ಕೆಲಸ ಮುಗಿಸಿಕೊಡುತ್ತಾರೆ. ಮಾರ್ಗದರ್ಶಕರು ಎಸ್‌ಯುಎಸ್ (ಸಿಸ್ಟಮ್ ಯೂಸೆಬಿಲಿಟಿ ಸ್ಕೇಲ್, ಬಳಸಲು ಎಷ್ಟು ಸುಲಭ ಎಂದು ಬಳಕೆದಾರರನ್ನೇ ಕೇಳಿ ಅಳೆಯುವ) ಪ್ರಶ್ನಾವಳಿಯ ಅಂಕ ಇರಲೇಬೇಕೆಂದೂ ಐದು ಬಳಕೆದಾರರು ಸಾಕೆಂದೂ ಹೇಳಿದ್ದಾರೆ. ಬಾಯಿಮಾತು ಒಂದು, ಕೈ ತೋರಿಸುವುದು ಇನ್ನೊಂದು ಆಗಿರುವಾಗ ಯಾವುದನ್ನು ದತ್ತಾಂಶವೆಂದು ಬರೆಯಬೇಕು? ಮಗ ಮಾಡಿಕೊಟ್ಟದ್ದನ್ನು ಸೋಲು ಎಂದು ಲೆಕ್ಕ ಹಿಡಿಯಬೇಕೇ?

ಗೋಳಗುಮ್ಮಟದ_ಪ್ರತಿಧ್ವನಿ

ನೀವು ಕಂಡದ್ದು ನಮ್ಮ ಸೀಮೆಯ ಸಂಕೋಚ ಮಾತ್ರವಲ್ಲ, ಅಳೆದು ತೋರಿಸಿರುವ ಸಂಗತಿ. ನಿಕೋಲಾ ಡೆಲ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ 450 ಸಂದರ್ಶನಗಳನ್ನು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿಟ್ಟ ಎರಡು ಸಾಧನಗಳು ಒಂದೇ ಆಗಿದ್ದರೂ, ಸಂದರ್ಶಕರು ತಯಾರಿಸಿದ್ದೆಂದು ತಾವು ನಂಬಿದ ಸಾಧನವನ್ನು ಜನ ಮೆಚ್ಚುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಸಂದರ್ಶಕರು ದುಭಾಷಿಯನ್ನು ಕರೆತಂದ ವಿದೇಶಿ ಸಂಶೋಧಕರಾಗಿದ್ದಾಗ ಅದು ಐದು ಪಟ್ಟಿಗೆ ಏರಿತು. ಸಂದರ್ಶಕರ ಸಾಧನವನ್ನು ಬೇಕೆಂದೇ ಕಣ್ಣಿಗೆ ಕಾಣುವಷ್ಟು ಕೆಡಿಸಿ ಕೊಟ್ಟಾಗಲೂ ಜನ ಅದನ್ನೇ ಒಳ್ಳೆಯದೆಂದರು. ಮನೆಯ ಜಗುಲಿಗೆ ಬಂದ, ಚಹಾ ಕುಡಿದ, ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಗೆ ‘ನಿನ್ನ ಆ್ಯಪ್ ನನಗೆ ತಿಳಿಯಲಿಲ್ಲ’ ಎಂದು ಯಾರು ತಾನೇ ಹೇಳಿಯಾರು?

ಆದ್ದರಿಂದ ‘ಹೇಗಿದೆ’ ಎಂಬ ಪ್ರಶ್ನೆಯನ್ನೇ ಕೈಬಿಡಿ. ಅದರ ಬದಲು ‘ಹೋದ ವಾರ ಹೋದ ಮೂರನೆಯ ಟ್ರ್ಯಾಕ್ಟರಿನ ತೂಕ ಎಷ್ಟಾಗಿತ್ತು, ಹುಡುಕಿ ಹೇಳಿ’ ಎಂಬಂಥ, ಉತ್ತರ ಸರಿಯೋ ತಪ್ಪೋ ಎಂದು ನೀವೇ ತಾಳೆ ನೋಡಬಹುದಾದ ಕೆಲಸ ಕೊಡಿ. ಸಮಯ, ತಪ್ಪು ಒತ್ತು, ಹಿಂದಕ್ಕೆ ಮರಳಿದ್ದು ಇವುಗಳನ್ನು ಗುರುತಿಸಿಕೊಳ್ಳಿ. ಬೆರಳು ನಿಂತ ಜಾಗವೇ ನಿಮ್ಮ ದತ್ತಾಂಶ. ತೂಕದ ಪುಟವನ್ನು ಎರಡು ವಿನ್ಯಾಸಗಳಲ್ಲಿ ಮಾಡಿ, ಯಾವುದು ಯಾರದ್ದೆಂದು ಹೇಳದೆ ತೋರಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡನ್ನೂ ಹೊಗಳಿದವರು ಕೂಡ ಒಂದನ್ನು ಆರಿಸಲೇಬೇಕಾಗುತ್ತದೆ. ಪಕ್ಕದ ಹೊಲದವರಿಗೆ ಇದನ್ನು ಕಲಿಸಿಕೊಡಿ ಎಂದು ಕೇಳುವುದೂ ಉಪಯುಕ್ತ. ಸ್ವತಃ ತಿಳಿಯದ ಪುಟವನ್ನು ಕಲಿಸುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಅಂಕಿಸಂಖ್ಯೆ_ಬಾಗಲಕೋಟೆ

ಎಸ್‌ಯುಎಸ್ ಬಗ್ಗೆ ಒಂದು ಎಚ್ಚರಿಕೆ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಈ ಪ್ರಶ್ನಾವಳಿಯಲ್ಲಿ ಹತ್ತು ಹೇಳಿಕೆಗಳಿದ್ದು, ಬೆಸ ಸಂಖ್ಯೆಯವು ಹೊಗಳಿಕೆಯ ಧಾಟಿಯಲ್ಲೂ ಸಮ ಸಂಖ್ಯೆಯವು ತೆಗಳಿಕೆಯ ಧಾಟಿಯಲ್ಲೂ ಇವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಗುರುತು ಹಾಕಬೇಕು. ಬೆಸ ಹೇಳಿಕೆಯ ಅಂಕದಿಂದ ಒಂದನ್ನು ಕಳೆದು, ಸಮ ಹೇಳಿಕೆಯ ಅಂಕವನ್ನು ಐದರಿಂದ ಕಳೆದು, ಎಲ್ಲವನ್ನೂ ಕೂಡಿಸಿ 2.5ರಿಂದ ಗುಣಿಸಿದರೆ 0ಯಿಂದ 100ರೊಳಗಿನ ಒಂದು ಅಂಕ ಸಿಗುತ್ತದೆ. ಈಗ ನಿಮ್ಮ ರೈತರನ್ನು ನೆನಪಿಗೆ ತಂದುಕೊಳ್ಳಿ: ನೀವು ಗಟ್ಟಿಯಾಗಿ ಓದುತ್ತೀರಿ, ಅವರು ಹತ್ತಕ್ಕೂ ‘ಹೌದ್ರಿ’ ಎನ್ನುತ್ತಾರೆ. ಹತ್ತಕ್ಕೂ 5 ಬಿದ್ದರೆ ಲೆಕ್ಕ ಹಾಕಿ ನೋಡಿ, ಅಂಕ ಸರಿಯಾಗಿ 50 ಬರುತ್ತದೆ. ಸರಾಸರಿ ಸುಮಾರು 68 ಎಂದು ಎಲ್ಲರೂ ಉಲ್ಲೇಖಿಸುವುದರಿಂದ, ಆ 50ನ್ನು ನೋಡಿದ ಪರೀಕ್ಷಕರು ಆ್ಯಪ್ ಕಳಪೆ ಎಂದು ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಆ ಅಂಕ ಆ್ಯಪಿನ ಬಗ್ಗೆ ಏನನ್ನೂ ಹೇಳಿರುವುದಿಲ್ಲ.

ಎಲ್ಲ ಹೇಳಿಕೆಗಳನ್ನೂ ಹೊಗಳಿಕೆಯ ಧಾಟಿಗೆ ತಿರುಗಿಸಿದರೆ ಹೇಗೆ ಎಂದು ನೀವು ಕೇಳಬಹುದು. ಸೌರೊ ಮತ್ತು ಲೂಯಿಸ್ 2011ರಲ್ಲಿ ಹಾಗೆ ಮಾಡಿ ನೋಡಿ, ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ ಎಂದು ತೋರಿಸಿದ್ದಾರೆ. ಆದರೆ ಅವರಿಗೆ ಉತ್ತರಿಸಿದವರು ಜಾಲತಾಣಗಳನ್ನು ಬಳಸಿ ತಾವೇ ಓದಿ ಗುರುತು ಹಾಕಿದವರು. ನಿಮ್ಮಲ್ಲಿ ಅದೇ ‘ಹೌದ್ರಿ’ಗಳು 50ರ ಬದಲು 100 ತಂದುಕೊಡುತ್ತವೆ, ಅದು ಇನ್ನೂ ಅಪಾಯ. ಮಾರ್ಗದರ್ಶಕರು ಕೇಳಿದ್ದಾರೆಂದರೆ ಮೂಲ ರೂಪದಲ್ಲೇ ಅಂಕ ತೆಗೆಯಿರಿ, ಆದರೆ ಪ್ರತಿಯೊಬ್ಬರ ಹತ್ತು ಉತ್ತರಗಳನ್ನೂ ಕೋಷ್ಟಕದಲ್ಲಿ ಕೊಟ್ಟು, ಬೆಸ–ಸಮ ಎರಡಕ್ಕೂ ಒಪ್ಪಿದವರನ್ನು ಬೇರೆಯಾಗಿ ತೋರಿಸಿ.

ಐದು ಜನರ ಮಾತು ನೀಲ್ಸನ್ ಮತ್ತು ಲ್ಯಾಂಡಾವರ್ ಅವರ 1993ರ ಲೆಕ್ಕದಿಂದ ಬಂದದ್ದು. ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ದೋಷಗಳನ್ನು ಹೊರಗೆಳೆದರೆ ಐವರಿಂದ ಸುಮಾರು ಶೇ. 85 ಸಿಗುತ್ತವೆ. ಅದು ದೋಷ ಹುಡುಕುವುದಕ್ಕೆ ಮಾತ್ರ ಅನ್ವಯಿಸುತ್ತದೆ, ಸರಾಸರಿ ಅಂಕ ಹೇಳುವುದಕ್ಕಲ್ಲ. ಓದು ಬಾರದ ಹಿರಿಯರು, ಪಿಯುಸಿ ಮುಗಿಸಿ ಹೊಲಕ್ಕಿಳಿದ ಹುಡುಗರು, ಬಿಲ್ಲು ಮಾತ್ರ ನೋಡುವ ಹೆಣ್ಣುಮಕ್ಕಳು ಎಲ್ಲರೂ ಸೇರಿ ಐದು ಎಂದರೆ ಯಾರ ತೊಡಕೂ ಪೂರ್ತಿ ಹೊರಬರುವುದಿಲ್ಲ.

ಕೂಡು_ಕುಟುಂಬ

ಮಗ ಮಾಡಿಕೊಟ್ಟದ್ದನ್ನು ಸೋಲೆಂದು ಬರೆಯಬೇಡಿ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಬಂಧ, ಇನ್ನೊಬ್ಬರ ಮೂಲಕ ನಡೆಯುವ ಇಂಥ ಬಳಕೆಯನ್ನೇ ವಿಷಯವಾಗಿಸಿಕೊಂಡಿದೆ. ಆ್ಯಪು ಒಬ್ಬ ವ್ಯಕ್ತಿ, ಒಂದು ಫೋನು ಎಂದು ಭಾವಿಸಿ ವಿನ್ಯಾಸಗೊಂಡಿದ್ದರೂ ನಮ್ಮ ಹಳ್ಳಿಗಳಲ್ಲಿ ಫೋನು ಬಹಳ ಕಡೆ ಮನೆಯ ಸೊತ್ತು. ಹಾಗಾಗಿ ಯಾರು ಕೇಳಿದರು, ಯಾರು ಒತ್ತಿದರು, ಉತ್ತರ ಯಾರಿಗೆ ತಲುಪಿತು ಎಂಬ ಮೂರು ಕಾಲಂಗಳನ್ನು ಸೇರಿಸಿಕೊಳ್ಳಿ. ಇನ್ನೊಂದು ಮಾತು: ಬಿಲ್ಲಿನ ಬಾಕಿಯನ್ನು ಮಗ ನೋಡುವುದು ಎಲ್ಲ ಅಪ್ಪಂದಿರಿಗೂ ಇಷ್ಟವಿರುವುದಿಲ್ಲ, ಆದ್ದರಿಂದ ಆ ಪುಟಕ್ಕೆ ಬೇರೆ ಬೀಗ ಬೇಕೇ ಎಂದು ಅಪ್ಪನನ್ನು ಒಬ್ಬನೇ ಇದ್ದಾಗ ಕೇಳಿ.

ಘಟಪ್ರಭೆ_ದಂಡೆ

ಎಲ್ಲರಿಗೂ ಧನ್ಯವಾದಗಳು. ಒಂದು ಸಂಶಯ ಉಳಿದಿದೆ. ಯಾವುದು ಯಾರದ್ದೆಂದು ಹೇಳದಿರುವುದು ರೈತರಿಗೆ ಮಾಡುವ ಮೋಸವಾಗುವುದಿಲ್ಲವೇ?

ಗೋಳಗುಮ್ಮಟದ_ಪ್ರತಿಧ್ವನಿ

‘ಇದು ನನ್ನದಲ್ಲ’ ಎಂದರೆ ಮೋಸ. ‘ನಮ್ಮ ವಿಭಾಗದಲ್ಲಿ ಎರಡು ಬಗೆಯ ಪುಟಗಳನ್ನು ಮಾಡಿದ್ದೇವೆ, ಎರಡರಲ್ಲೂ ಲೋಪಗಳಿವೆ, ಅವು ಎಲ್ಲಿವೆಯೆಂದು ನೀವು ತೋರಿಸಬೇಕು’ ಎಂದರೆ ಅದರಲ್ಲಿ ಸುಳ್ಳಿಲ್ಲ. ಸಾಧ್ಯವಾದರೆ ಆ್ಯಪ್ ಮಾಡದ ಸಹಪಾಠಿಯೊಬ್ಬರು ಪರೀಕ್ಷೆ ನಡೆಸಲಿ, ನೀವು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಏನು, ಏಕೆ ಮಾಡಿದಿರೆಂದು ವಿವರಿಸಿ, ತಮ್ಮ ಉತ್ತರವನ್ನು ಹಿಂಪಡೆಯುವ ಅವಕಾಶ ಕೊಡಿ. ಈ ಕ್ರಮವನ್ನು ವಿಭಾಗಕ್ಕೆ ಮೊದಲೇ ಬರೆದು ಒಪ್ಪಿಗೆ ಪಡೆದಿರಿ. ಕಟಾವು ಶುರುವಾದ ಮೇಲೆ ಯಾರೂ ಕೂತು ಮಾತನಾಡುವಷ್ಟು ಬಿಡುವಾಗಿರುವುದಿಲ್ಲ, ಹಾಗಾಗಿ ಇದೆಲ್ಲವನ್ನೂ ಹಂಗಾಮಿಗೆ ಮೊದಲೇ ಮುಗಿಸಿಕೊಳ್ಳಿ.